ಅವ್ವನ ತೋರುಬೆರಳು

ನನ್ನ ತಂದೆ ಮುನಿಸಿಪಲ್ ಚುನಾವಣೆಯಲ್ಲಿ ಸೋತದ್ದು ನನ್ನ ತಾಯಿಯ ಪಾತಿವ್ರತ್ಯದಿಂದ ಎಂಬ ಕಥೆ ನಮ್ಮ ಬಂಧುವರ್ಗದಲ್ಲಿ ಈಗಲೂ ಚಲಾವಣೆಯಲ್ಲಿದೆ. ಮದುವೆಯಿರಲಿ, ತಿಥಿಯಿರಲಿ, ನಾಲ್ಕು ಜನ ಉಣ್ಣಲು ಕೂತರೆ ಸಾಕು, ಯಾರಾದರೊಬ್ಬರು ಅದನ್ನು ತೆಗೆಯುತ್ತಾರೆ. ಗಂಡನ ಹೆಸರನ್ನು ಬಾಯಲ್ಲಿ ಆಡಲಾರದೆ, ವೋಟು ಹಾಕದೆ, ಅಧಿಕಾರಿಗೆ ಕೈಮುಗಿದು ಹಿಂತಿರುಗಿದ ಮಹಾತಾಯಿ. ಆ ಒಂದೇ ಒಂದು ವೋಟಿನಿಂದ ಸೋತ ಗಂಡ. ಸೋತರೂ, ‘ಇಂಥ ಹೆಂಡತಿ ಇರುವಾಗ ನನಗೆ ಮೆಂಬರುಗಿರಿ ಯಾಕೆ’ ಎಂದ ಮಹಾನುಭಾವ. ಇಷ್ಟು ಹೊತ್ತಿಗೆ ಕೇಳುವವರ ಕಣ್ಣು ಒದ್ದೆಯಾಗಿರುತ್ತದೆ. ಪಂಕ್ತಿಯ ಕೊನೆಯಿಂದ ನಾನು ‘ಹಾಗಲ್ಲ’ ಎನ್ನುತ್ತೇನೆ. ಪಾಯಸದ ಪಾತ್ರೆ ನನ್ನ ಎಲೆಯನ್ನು ದಾಟಿ ಹೋಗುತ್ತದೆ.

ಸತ್ಯಕ್ಕಾಗಿ ನಾನು ಬೇರೇನನ್ನೂ ತ್ಯಾಗ ಮಾಡಿದವಳಲ್ಲ. ಪಾಯಸವನ್ನು ಮಾತ್ರ ಬಹಳ ಸಲ ತ್ಯಾಗ ಮಾಡಿದ್ದೇನೆ.

ಶಾಲೆಯಲ್ಲಿ ಕಲಿತದ್ದು ಕಡಿಮೆ. ಮಿಕ್ಕದ್ದನ್ನು ಮದುವೆಯಾದ ಮೇಲೆ ಭದ್ರಾವತಿಯ ನಮ್ಮ ಮನೆಯಲ್ಲಿ, ಒಲೆಯ ಮುಂದೆ ಕೂತು, ಕೈಗೆ ಸಿಕ್ಕ ಪುಸ್ತಕ, ಹಳೆಯ ಪತ್ರಿಕೆ, ಕಡೆಗೆ ಬೆಲ್ಲ ಕಟ್ಟಿಬಂದ ಕಾಗದವನ್ನೂ ಬಿಡದೆ ಓದಿ ಕಲಿತೆ. ಹೀಗೆ ಕಲಿತವರಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಯಾರು ಏನು ಹೇಳಿದರೂ ‘ನೀವು ಕಂಡಿದ್ದಿರಾ?’ ಎಂದು ಕೇಳದೆ ಇರಲಾಗುವುದಿಲ್ಲ. ಪುರಾಣಿಕರನ್ನು ಕೇಳಿದ್ದೇನೆ, ಡಾಕ್ಟರನ್ನು ಕೇಳಿದ್ದೇನೆ. ಇಬ್ಬರೂ ಮತ್ತೆ ನಮ್ಮ ಮನೆಗೆ ಬಂದಿಲ್ಲ. ಆದರೆ ಈ ಒಂದು ಸಂಗತಿಯನ್ನು ನಾನು ಕಂಡಿದ್ದೆ. ಅವ್ವನ ಸೆರಗು ಹಿಡಿದು ಪಕ್ಕದಲ್ಲಿಯೇ ನಿಂತಿದ್ದೆ. ಆದ್ದರಿಂದ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಬರೆಯುವುದಿಲ್ಲ. ಅದರ ಕಾರಣ ಮುಂದೆ ತಾನಾಗಿಯೇ ತಿಳಿಯುತ್ತದೆ. ಅದು ನನಗೆ ಶೋಭೆ ತರುವಂಥದ್ದಲ್ಲ.

ಮೂವತ್ತರ ದಶಕದ ನಡುವಿನ ಮಾತು. ಶಿವಮೊಗ್ಗೆಯಲ್ಲಿ ಅಪ್ಪಯ್ಯ ಅಕ್ಕಿ ಮಂಡಿ ಇಟ್ಟಿದ್ದರು. ಹೊಳೆಹೊನ್ನೂರಿನ ಕಡೆಯ ಗದ್ದೆಯನ್ನು ಗೇಣಿಗೆ ಕೊಟ್ಟು ಪೇಟೆಗೆ ಬಂದವರು. ನಾವಿದ್ದ ಮನೆಯನ್ನು ಅವ್ವನಿಗೆ ಅವಳ ತಂದೆ ಬರೆದುಕೊಟ್ಟಿದ್ದರು. ಕಂದಾಯ ಅವಳ ಹೆಸರಿನಲ್ಲಿ ಹೋಗುತ್ತಿತ್ತು, ಆದ್ದರಿಂದ ವೋಟೂ ಅವಳಿಗಿತ್ತು. ಅಪ್ಪಯ್ಯ ಇದನ್ನು ಒಂದು ತಮಾಷೆಯಾಗಿ ಸ್ನೇಹಿತರ ಮುಂದೆ ಹೇಳುತ್ತಿದ್ದರು.

ಸ್ತ್ರೀವಿದ್ಯಾಭ್ಯಾಸದ ಮೇಲೆ ಅಪ್ಪಯ್ಯನ ಭಾಷಣ ನಮ್ಮ ಕಡೆ ಹೆಸರಾಗಿತ್ತು. ಭಾಷಣಕ್ಕೆ ಮುಂಚೆ ಪ್ರಾರ್ಥನೆ ಹಾಡುವವಳು ನಾನು. ಹಾಡು ಮುಗಿದ ಕೂಡಲೇ ಹೆಂಗಸರ ಜೊತೆ ನನ್ನನ್ನು ಉಪ್ಪಿಟ್ಟಿನ ಏರ್ಪಾಡಿಗೆ ಒಳಗೆ ಕಳಿಸುತ್ತಿದ್ದುದರಿಂದ ಆ ಭಾಷಣವನ್ನು ನಾನು ಒಮ್ಮೆಯೂ ಪೂರ್ತಿ ಕೇಳಲಿಲ್ಲ. ಹೀಗಾಗಿ, ಹನ್ನೊಂದನೆಯ ವಯಸ್ಸಿಗೆ ಅವರು ನನ್ನನ್ನು ಶಾಲೆ ಬಿಡಿಸಿದಾಗ ಅದು ಭಾಷಣದ ಯಾವ ಭಾಗಕ್ಕೆ ವಿರುದ್ಧ ಎಂದು ತೋರಿಸುವ ಸಾಮರ್ಥ್ಯ ನನಗಿರಲಿಲ್ಲ. ಅವ್ವನಿಗೆ ಇತ್ತು.

“ಅಲ್ಲ, ಊರ ಹೆಣ್ಣುಮಕ್ಕಳೆಲ್ಲ ಓದ್ಬೇಕು ಅಂತ ನಿನ್ನೆ ತಾನೆ ಹೇಳಿದ್ರಿ?”

“ಊರ ಹೆಣ್ಣುಮಕ್ಕಳು ಕಣೇ. ನಮ್ಮನೆ ಹುಡುಗಿ ವಿಷಯ ಯಾರು ಮಾತಾಡಿದ್ರು?”

ನಾನು ಅನ್ನನೀರು ಬಿಟ್ಟು ಹಟ ಹಿಡಿದೆ ಎಂದು ಮನೆಯವರು ಹೇಳುತ್ತಾರೆ. ಇದೂ ತಿದ್ದುಪಡಿಗೆ ಅರ್ಹ. ಅನ್ನ ಬಿಟ್ಟೆ, ಅವಲಕ್ಕಿ ಬಿಡಲಿಲ್ಲ. ಅಟ್ಟದ ಮೆಟ್ಟಿಲ ಕೆಳಗೆ ಕೂತು ಬೆಲ್ಲ ಹಾಕಿಕೊಂಡು ತಿನ್ನುತ್ತ ಅಳುತ್ತಿದ್ದೆ. ಅಳು ಮಾತ್ರ ನಿಜವಾದದ್ದು. ಶಾಲೆಯಲ್ಲಿ ಕಿಟಕಿಯ ಹತ್ತಿರ ನನಗೊಂದು ಜಾಗವಿತ್ತು; ಅಲ್ಲಿ ಈಗ ಇನ್ನೊಬ್ಬಳು ಕೂರುತ್ತಾಳೆ ಎಂಬುದು ನನಗೆ ತಡೆಯಲಾರದ ಸಂಕಟವಾಗಿತ್ತು.

ಆ ಹೊತ್ತಿಗೆ ಅಪ್ಪಯ್ಯ ನಮ್ಮ ವಾರ್ಡಿನಿಂದ ಚುನಾವಣೆಗೆ ನಿಂತರು. ನಿಂತ ಮೇಲೆ ಒಂದು ತೊಡಕು ತಿಳಿಯಿತು. ಓದು ಬಾರದವರು ಅಧಿಕಾರಿಯ ಮೇಜಿನ ಮುಂದೆ ನಿಂತು ತಮಗೆ ಬೇಕಾದ ಅಭ್ಯರ್ಥಿಯ ಹೆಸರು ಹೇಳಬೇಕು, ಅವರು ಗುರುತು ಹಾಕುತ್ತಾರೆ ಎಂಬ ಏರ್ಪಾಡಿತ್ತು. ನಮ್ಮ ವಾರ್ಡಿನಲ್ಲಿ ವೋಟಿದ್ದ ಹೆಂಗಸರು ಬಹುಪಾಲು ವಿಧವೆಯರು, ತವರಿನ ಆಸ್ತಿ ಬಂದವರು. ಓದು ಬಂದವರು ಇಲ್ಲವೆನ್ನುವಷ್ಟು ಕಡಿಮೆ; ಅವ್ವನಿಗೂ ಬರುತ್ತಿರಲಿಲ್ಲ. ಅಪ್ಪಯ್ಯನ ಹೆಸರೋ, ನಮ್ಮ ಕೇರಿಯ ದೇವರ ಹೆಸರು. ಅದೇ ಹೆಸರಿನ ಗಂಡಸರು ಕೇರಿಯ ತುಂಬ ಇದ್ದರು. ಒಬ್ಬಳಿಗೆ ಅದು ಗಂಡನ ಹೆಸರು, ಇನ್ನೊಬ್ಬಳಿಗೆ ಮಾವನ ಹೆಸರು, ಮತ್ತೊಬ್ಬಳಿಗೆ ತೀರಿಹೋದ ಯಜಮಾನರ ಹೆಸರು. ಬಾಯಿ ಬಿಟ್ಟು ಅದನ್ನು ಆಡುವ ಹೆಂಗಸು ಆ ಕೇರಿಯಲ್ಲಿ ಇರಲಿಲ್ಲ. ಎದುರಾಳಿ ಒಬ್ಬ ಜವಳಿ ಅಂಗಡಿಯವನು. ಪರಸ್ಥಳದಿಂದ ಬಂದವನಾದ್ದರಿಂದ ಅವನ ಹೆಸರು ಕೇರಿಯ ಯಾರ ಗಂಡನಿಗೂ ಇರಲಿಲ್ಲ. ಯಾರು ಬೇಕಾದರೂ ಧಾರಾಳವಾಗಿ ಹೇಳಬಹುದಿತ್ತು.

ಅಪ್ಪಯ್ಯ ವಕೀಲರೊಬ್ಬರನ್ನು ಕೇಳಿ ಬಂದರು. ಹೆಸರು ಹೇಳಲಾಗದಿದ್ದರೆ ಮೇಜಿನ ಮೇಲಿನ ಹಾಳೆಯಲ್ಲಿ ಬೆರಳಿಟ್ಟು ತೋರಿಸಿದರೂ ನಡೆಯುತ್ತದಂತೆ. ಹಾಳೆಯಲ್ಲಿ ಮೊದಲನೆಯ ಸಾಲು ಜವಳಿಯವನದು, ಎರಡನೆಯದು ಅಪ್ಪಯ್ಯನದು, ಮೂರನೆಯದು ಯಾರೋ ಒಬ್ಬರದು. ಹೆಂಗಸರಿಗೆ ಎರಡನೆಯ ಸಾಲನ್ನು ಅಭ್ಯಾಸ ಮಾಡಿಸಿದರೆ ಆಯಿತು. ಮಾಡಿಸುವವರು ಯಾರು? ಅಪ್ಪಯ್ಯ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಊಟದ ಹೊತ್ತಲ್ಲದೆ ಅವರು ಅಲ್ಲಿಗೆ ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು.

“ಕಲಿಸ್ತೀನಿ,” ಅಂದಳು ಅವ್ವ. “ಆದ್ರೆ ಇವಳು ತಿರುಗಿ ಸ್ಕೂಲಿಗೆ ಹೋಗ್ಬೇಕು.”

“ಗೆದ್ದ ಮೇಲೆ ನೋಡೋಣ.”

“ನೋಡೋಣ ಅನ್ನೋದು ಬೇಡ.”

“ಆಯ್ತು ಮಾರಾಯ್ತಿ, ಗೆದ್ದ ಮಾರನೇ ದಿನ ಕಳಿಸ್ತೀನಿ. ಸಾಕಾ?”

ನಮ್ಮ ನಡುಮನೆಯಲ್ಲಿ ಹೀಗೆ ಒಂದು ಪಾಠಶಾಲೆ ಹುಟ್ಟಿತು. ನನ್ನ ಸ್ಲೇಟಿನ ಮೇಲೆ ನಾನು ಮೂರು ಹೆಸರು ಬರೆಯುತ್ತಿದ್ದೆ; ಶಾಲೆಯಿಲ್ಲದವಳಿಗೆ ಅದೇ ಶಾಲೆ. ಅವ್ವ ಒಬ್ಬೊಬ್ಬರ ಕೈಹಿಡಿದು ಎರಡನೆಯ ಸಾಲಿನ ಮೇಲೆ ಬೆರಳಿಡಿಸುತ್ತಿದ್ದಳು. ಎದುರುಮನೆಯ ಅಜ್ಜಿ ಬೆರಳನ್ನು ಸ್ಲೇಟಿನವರೆಗೆ ತಂದು ಹಿಂದಕ್ಕೆ ಎಳೆದುಕೊಂಡಳು.

“ಹೆಸರನ್ನ ಮುಟ್ಟಿದ್ರೆ ಅವರನ್ನೇ ಮುಟ್ಟಿದ ಹಾಗಲ್ವೇನೇ?”

“ಬಾಯಲ್ಲಿ ಹೇಳಿ ಅಂತ ಯಾರೂ ಅನ್ನಲ್ಲ ಅಜ್ಜಿ. ಮುಟ್ಟಿ ಅಷ್ಟೇ.”

“ಅಲ್ಲ ಅಜ್ಜಿ,” ಎಂದು ಇನ್ನೊಬ್ಬಳು ಕೆಣಕಿದಳು, “ಅದು ದೇವರ ಹೆಸರೂ ಹೌದಲ್ಲ, ಗುಡೀಲಿ ದಿನಾ ಹೆಂಗೆ ಕರೀತೀರಿ?”

“ಗುಡೀಲೂ ಕರೆಯಲ್ಲ ಮಾರಾಯ್ತಿ. ‘ಸ್ವಾಮೀ’ ಅಂತೀನಿ, ಅವನಿಗೆ ತಿಳಿಯುತ್ತೆ. ಈ ಅಧಿಕಾರಿಗೆ ತಿಳಿಯಲ್ಲ ಅಂದ್ರೆ ನಾನೇನು ಮಾಡ್ಲಿ?”

ಈ ನಡುವೆ ಒಂದು ಮಧ್ಯಾಹ್ನ ಜವಳಿಯವನೇ ನಮ್ಮ ಬಾಗಿಲಿಗೆ ಬಂದ. ಅಪ್ಪಯ್ಯ ಮಂಡಿಯಲ್ಲಿದ್ದರು, ಅಪ್ಪಯ್ಯನ ತಮ್ಮ, ನನ್ನ ಚಿಕ್ಕಪ್ಪ, ಜಗಲಿಯ ಮೇಲೆ ಅಡ್ಡಾಗಿದ್ದ. ಜವಳಿಯವನು ಚಪ್ಪಲಿ ಕೆಳಗೆ ಬಿಟ್ಟು, ಒಳಬಾಗಿಲ ಕಡೆ ಕೈಮುಗಿದು, “ಅಮ್ಮಾ, ಇದು ನಿಮ್ಮ ಯಜಮಾನರ ಮನೆ ಅಂತ ಬಲ್ಲೆ. ಆದ್ರೂ ವೋಟು ನಿಮ್ದು. ನನಗೆ ಕೊಡಿ ಅಂತ ಕೇಳ್ಕೊಂಡು ಹೋಗೋಕೆ ಬಂದೆ,” ಅಂದ. ಚಿಕ್ಕಪ್ಪ ನಕ್ಕ ರಭಸಕ್ಕೆ ಜಗಲಿಯಿಂದ ಉರುಳುವುದೊಂದು ಬಾಕಿ. ಆ ಸಂಜೆ ಅಪ್ಪಯ್ಯನಿಗೆ ಹೇಳಿದಾಗ ಅವರೂ ನಕ್ಕರು. ನಾನೂ ನಕ್ಕೆ. ಎದುರಾಳಿಯ ಹೆಂಡತಿಯನ್ನು ವೋಟು ಕೇಳುವ ಪೆದ್ದನಿಗಿಂತ ನಗುವ ವಿಷಯ ಇನ್ನೇನಿದೆ? ಅವ್ವ ನಕ್ಕಳೋ ಇಲ್ಲವೋ ನನಗೆ ನೆನಪಿಲ್ಲ. ಗಮನಿಸುವ ಅಗತ್ಯ ನಮಗೆ ಯಾರಿಗೂ ಕಂಡಿರಲಿಲ್ಲ.

ವೋಟಿಗೆ ಕೆಲವೇ ದಿನ ಇರುವಾಗ, ಚಿಕ್ಕಪ್ಪ ಜಗಲಿಯಲ್ಲಿ ಅಪ್ಪಯ್ಯನಿಗೆ ಸಂತೋಷದ ಸುದ್ದಿ ತಂದ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸವಿದ್ದ ಒಬ್ಬ ವರನ ಕಡೆಯವರು ನನ್ನನ್ನು ತಂದುಕೊಳ್ಳಲು ಒಪ್ಪಿದ್ದರು. ವರನ ಸೋದರಮಾವ ನಮ್ಮ ವಾರ್ಡಿನವರು. ಅವರ ಮಾತು ಕೇಳುವ ಮನೆಗಳು ಬಹಳ ಇದ್ದವು.

“ಗೆದ್ದ ತಕ್ಷಣ ಲಗ್ನಪತ್ರಿಕೆ ಅಣ್ಣ. ಮಾತು ಕೊಟ್ಟಿದ್ದೀನಿ.”

“ಒಳಗೆ ಈಗಲೇ ಹೇಳ್ಬೇಡ,” ಅಂದರು ಅಪ್ಪಯ್ಯ.

ಒಳಗಿನವಳು ಕಾಫಿ ತಂದು ಅವರ ಹಿಂದೆಯೇ ನಿಂತಿದ್ದಳು. ಲೋಟಗಳನ್ನು ಇಟ್ಟಳು, ಒಳಗೆ ಹೋದಳು. ಅಂದಿನ ಪಾಠವನ್ನೂ ಎಂದಿನಂತೆ ಮಾಡಿದಳು. ಎದುರುಮನೆಯ ಅಜ್ಜಿ ಅಂದು ಮೊದಲ ಸಲ ಕಣ್ಣುಮುಚ್ಚಿಕೊಂಡು, ತಪ್ಪಿಲ್ಲದೆ, ಎರಡನೆಯ ಸಾಲನ್ನು ಮುಟ್ಟಿದಳು.

ವೋಟು ನಡೆದದ್ದು ನನ್ನ ಶಾಲೆಯಲ್ಲಿಯೇ, ನಾನು ಕೂರುತ್ತಿದ್ದ ಕೋಣೆಯಲ್ಲಿ. ಅಪ್ಪಯ್ಯನ ಏಜೆಂಟಾಗಿ ಚಿಕ್ಕಪ್ಪ ಹುಡುಗಿಯರ ಸಣ್ಣ ಬೆಂಚೊಂದರಲ್ಲಿ ಮಂಡಿ ಮಡಚಿ ಹೇಗೋ ತುರುಕಿಕೊಂಡಿದ್ದ. ನಮ್ಮ ಪಾಠಶಾಲೆಯ ವಿದ್ಯಾರ್ಥಿನಿಯರು ಒಬ್ಬರ ಹಿಂದೊಬ್ಬರು ಬಂದು ಎರಡನೆಯ ಸಾಲು ಮುಟ್ಟಿ ಹೋದರು. ಚಿಕ್ಕಪ್ಪನ ಮುಖ ಅರಳುತ್ತ ಬಂತು. ಆಮೇಲೆ ಅವ್ವನ ಸರದಿ.

“ಯಾರಿಗಮ್ಮ?” ಎಂದು ಅಧಿಕಾರಿ ಮೆಲ್ಲಗೆ ಕೇಳಿದರು. ಅವ್ವ ಮೇಜಿನ ಮೇಲಿನ ಹಾಳೆಯನ್ನು ನೋಡಿದಳು.

“ಅವರು ಹೆಸರು ಹೇಳೋ ಹಾಗಿಲ್ಲ ಸ್ವಾಮಿ,” ಅಂದ ಚಿಕ್ಕಪ್ಪ. “ಯಜಮಾನರೇ ನಿಂತಿರೋದು.”

“ಓಹೋ. ಹಾಗಾದ್ರೆ ಬೆರಳಿಟ್ಟು ತೋರಿಸಿ ತಾಯಿ, ಸಾಕು.”

ಅವ್ವ ಸೆರಗಿನೊಳಗಿಂದ ಕೈ ತೆಗೆದು ಮೊದಲನೆಯ ಸಾಲಿನ ಮೇಲೆ ಬೆರಳಿಟ್ಟಳು. ಇಟ್ಟ ಬೆರಳನ್ನು ತೆಗೆಯಲಿಲ್ಲ.

“ಅತ್ತಿಗೆಮ್ಮಾ! ಎರಡ್ನೇದು! ಎರಡ್ನೇದು!” ಚಿಕ್ಕಪ್ಪ ಏಳಲು ಹೋದ, ಬೆಂಚೂ ಅವನ ಜೊತೆ ಎದ್ದಿತು.

“ಏಜೆಂಟರು ಬಾಯಿಮುಚ್ಕೊಂಡು ಕೂತ್ಕೋಬೇಕು,” ಎಂದು ಅಧಿಕಾರಿ ಗದರಿದರು. “ಮೊದಲನೇದೇನಮ್ಮ?”

ಅವ್ವ ಹೌದೆಂದು ತಲೆಯಾಡಿಸಿದಳು. ಹೊರಗೆ ಹೋಗುವಾಗ ಬಾಗಿಲಲ್ಲಿ ನಿಂತು ಕೋಣೆಯನ್ನು ಒಮ್ಮೆ ತಿರುಗಿ ನೋಡಿದಳು. “ನಿನ್ನ ಜಾಗ ಯಾವುದು?” ಅಂದಳು. ನಾನು ತೋರಿಸಿದೆ. “ಕಿಟಕಿ ಹತ್ರ. ಚೆನ್ನಾಗಿದೆ,” ಅಂದಳು.

ನಾನು ಕಂಡದ್ದು ಇಷ್ಟು. ಇನ್ನು ಇದು ಬೆಳೆದ ಬಗೆಯನ್ನು ನೋಡಿ. ಅಂದಿನ ಸಂಜೆ ಚಿಕ್ಕಪ್ಪ ಹೇಳಿದ್ದು: ಅತ್ತಿಗೆ ಗಾಬರಿಯಾಗಿ ಸಾಲು ತಪ್ಪಿದರು. ಕೇರಿಗೆಲ್ಲ ಎರಡನೆಯ ಸಾಲು ಕಲಿಸಿದವಳು ಸಾಲು ತಪ್ಪುವುದೆಂದರೆ ಪುರೋಹಿತರು ತಮ್ಮ ಗೋತ್ರ ಮರೆತಂತೆ; ಆದರೂ ಎಲ್ಲರೂ ನಂಬಿದರು. ಒಂದು ವರ್ಷ ಕಳೆಯುವಷ್ಟರಲ್ಲಿ ಬೆರಳೇ ಕಥೆಯಿಂದ ಮಾಯವಾಯಿತು. ಅವ್ವ ಕೈಮುಗಿದು ಹಿಂತಿರುಗಿದಳು. ಮುಂದೆ ಅಧಿಕಾರಿಯೇ ಎದ್ದು ಅವಳಿಗೆ ಕೈಮುಗಿದರು. ಸೋಲಿನ ಅಂತರವೂ ಕರಗುತ್ತ ಬಂದು ಒಂದು ವೋಟಿಗೆ ಇಳಿಯಿತು. ನಿಜ ಹೇಳಬೇಕೆಂದರೆ ಅಪ್ಪಯ್ಯ ಧಾರಾಳವಾಗಿ ಸೋತಿದ್ದರು. ಹೆಂಗಸರು ಕಷ್ಟಪಟ್ಟು ಅವರಿಗೆ ವೋಟು ಹಾಕಿದ್ದರು. ಅವರ ಹೆಸರನ್ನು ಬಾಯಿತುಂಬ ಹೇಳಬಲ್ಲ ಗಂಡಸರು ಹೇಳಿರಲಿಲ್ಲ. ಇದನ್ನು ಒಪ್ಪಿಕೊಳ್ಳುವುದಕ್ಕಿಂತ ಪತಿವ್ರತೆಯ ಗಂಡನಾಗಿ ಸೋಲುವುದು ಅಪ್ಪಯ್ಯನಿಗೆ ಹೆಚ್ಚು ಗೌರವವಾಗಿ ಕಂಡಿರಬೇಕು. ಕಥೆಯನ್ನು ಅವರು ಎಂದೂ ತಡೆಯಲಿಲ್ಲ.

ಸೋತವರ ಮಗಳು ಭದ್ರಾವತಿಯ ಆ ವರನಿಗೆ ಬೇಡವಾದಳು. ಮೊದಲು ಚೆನ್ನಾಗಿ ಕೂಡಿಬಂದಿದ್ದ ಜಾತಕ ಆಮೇಲೆ ಕೂಡಲಿಲ್ಲವಂತೆ. ಫಲಿತಾಂಶದ ಮಾರನೆಯ ದಿನ ಅಪ್ಪಯ್ಯ ಮುಸುಕು ಹೊದ್ದು ಮಲಗಿದ್ದಾಗ ಅವ್ವ ನನ್ನ ಕೈಹಿಡಿದು ಕರೆದುಕೊಂಡು ಹೋಗಿ ಶಾಲೆಗೆ ಸೇರಿಸಿ ಬಂದಳು. ಅಪ್ಪಯ್ಯನಿಗೆ ಗೊತ್ತಾಗುವಷ್ಟರಲ್ಲಿ ‘ಸೋತರೂ ಮಗಳನ್ನು ಓದಿಸುತ್ತಿದ್ದಾರೆ, ನುಡಿದಂತೆ ನಡೆಯುವವರು’ ಎಂದು ಕೇರಿ ಹೊಗಳಲು ಶುರುಮಾಡಿತ್ತು. ಅವರು ಆ ಹೊಗಳಿಕೆಯನ್ನೂ ಸ್ವೀಕರಿಸಿದರು. ಹೀಗೆ ನನಗೆ ಮತ್ತೆರಡು ವರ್ಷದ ಓದು ದೊರೆಯಿತು. ನನ್ನ ಜಾಗ ಮಾತ್ರ ದೊರೆಯಲಿಲ್ಲ, ಅಲ್ಲಿದ್ದವಳು ಏಳಲೊಪ್ಪಲಿಲ್ಲ.

ಮುಂದೆ ನನ್ನ ಮದುವೆಯಾದದ್ದೂ ಭದ್ರಾವತಿಗೇ, ಬೇರೆ ವರನೊಂದಿಗೆ. ಕಾಗದದ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದವರು. ಅಲ್ಲಿ ನಾನು ಬಂಧುಗಳ ಕಥೆಗೆ ಎದುರಾಗಿ ನನ್ನದೇ ಒಂದು ಕಥೆಯನ್ನು ಕಟ್ಟಿಕೊಂಡೆ: ಅವ್ವ ನನ್ನ ಓದಿಗಾಗಿ ಗಂಡನ ವಿರುದ್ಧ ಬೆರಳೆತ್ತಿದಳು, ನಾನು ಓದುವ ಒಂದೊಂದು ಅಕ್ಷರದಲ್ಲೂ ಆ ಬೆರಳಿದೆ. ನೆರೆಹೊರೆಯ ಹೆಂಗಸರಿಗೆ ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟುತ್ತಿತ್ತು. ಪಾತಿವ್ರತ್ಯದ ಕಥೆ ಹೇಳುವಾಗ ಚಿಕ್ಕಪ್ಪನ ಗಂಟಲೂ ಹೀಗೆಯೇ ಕಟ್ಟುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ಗಂಡನ ಹೆಸರು ಹೇಳದಿರುವುದು ಎಂಥ ಮೂಢತನ ಎಂದೂ ಅದೇ ಹೆಂಗಸರಿಗೆ ಉಪನ್ಯಾಸ ಕೊಡುತ್ತಿದ್ದೆ. ಉದಾಹರಣೆಗೆ ಬೇರೆಯವರ ಗಂಡಂದಿರ ಹೆಸರನ್ನು ಬಳಸುತ್ತಿದ್ದೆ.

ನನ್ನ ಮಗಳಿಗೆ ಶಾಲೆಯ ವಯಸ್ಸಾದ ವರ್ಷ ಅವ್ವ ರೈಲಿನಲ್ಲಿ ನಮ್ಮಲ್ಲಿಗೆ ಬಂದಳು. ಇಬ್ಬರೂ ಅವರೆಕಾಯಿ ಸುಲಿಯುತ್ತ ಕೂತಿದ್ದೆವು. ಇಷ್ಟು ವರ್ಷ ಕೇಳದೆ ಇದ್ದದ್ದನ್ನು ಕೇಳಿಯೇಬಿಟ್ಟೆ. ಕೇಳುವುದೆಂದರೆ, ಉತ್ತರ ನನಗೆ ಗೊತ್ತೇ ಇತ್ತು. ಅವಳ ಬಾಯಲ್ಲಿ ಕೇಳುವ ಆಸೆ.

“ಅವ್ವ, ಅವತ್ತು ನೀನು ಮೊದಲ್ನೇ ಸಾಲಿಗೆ ಬೆರಳಿಟ್ಟಿದ್ದು ನನ್ನ ಸ್ಕೂಲಿಗೋಸ್ಕರ ತಾನೆ?”

“ಯಾವತ್ತು?”

“ವೋಟಿನ ದಿನ.”

“ಓ, ಅದಾ.” ಒಂದು ಹುಳುಕು ಕಾಯಿಯನ್ನು ದೂರ ಎಸೆದಳು. “ಎಲ್ಲಾ ನಿನಗೋಸ್ಕರ ಅಂದ್ಕೋತೀಯಲ್ಲೇ. ಥೇಟ್ ನಿಮ್ಮಪ್ಪನ ಹಾಗೆ.”

“ಮತ್ತೆ ಯಾತಕ್ಕೆ?”

“ಆ ಜವಳಿ ಅಂಗಡಿಯೋನು ಮನೆ ಬಾಗಿಲಿಗೆ ಬಂದು ಕೇಳಿದ. ನಿಮ್ಮಪ್ಪ ಕೇಳ್ಲಿಲ್ಲ.”

“ಅಷ್ಟೇನಾ?”

“ಅಷ್ಟೇನಾ ಅಂದ್ರೆ? ಊರೋರ ಮನೆಗೆಲ್ಲ ಹೋಗಿ ಕೈಮುಗಿದ್ರು. ಕೇರಿ ಹೆಂಗಸ್ರಿಗೆಲ್ಲ ಕಲಿಸು ಅಂದ್ರು. ನನಗೆ ಹಾಕು ಅಂತ ನನ್ನನ್ನೊಂದು ಮಾತು ಕೇಳಿದ್ರಾ? ವೋಟು ನಂದು. ಕೇಳಿದೋನಿಗೆ ಕೊಟ್ಟೆ.”

“ಹಂಗಾದ್ರೆ ನನ್ನ ಓದು? ಆ ಭದ್ರಾವತಿ ಸಂಬಂಧ?”

“ಅದಕ್ಕೆ ವೋಟು ಯಾಕೆ ಬೇಕು? ಮಾರನೇ ದಿನ ಕೈಹಿಡ್ಕೊಂಡು ಹೋಗಿ ಸೇರಿಸ್ಲಿಲ್ವಾ? ಅವರು ಗೆದ್ದಿದ್ರೂ ಸೇರಿಸ್ತಿದ್ದೆ.” ಇನ್ನೊಂದು ಕಾಯಿ ಎತ್ತಿಕೊಂಡು, “ಆಗ ಜಗಳ ಜಾಸ್ತಿ ಆಗ್ತಿತ್ತು, ಅದೊಂದು,” ಅಂದಳು.

ಅಪ್ಪಯ್ಯ ಅವಳ ವೋಟನ್ನು ತಮ್ಮದೆಂದುಕೊಂಡಿದ್ದರು. ಚಿಕ್ಕಪ್ಪ ಅದನ್ನು ಪಾತಿವ್ರತ್ಯದ ಖಾತೆಗೆ ಬರೆದಿದ್ದ. ಅವರಿಬ್ಬರನ್ನೂ ಅಷ್ಟು ವರ್ಷ ಹೀಯಾಳಿಸಿದ ನಾನು ಅದನ್ನು ನನ್ನ ಖಾತೆಗೆ ಬರೆದುಕೊಂಡು ಕೂತಿದ್ದೆ. ‘ನೀವು ಕಂಡಿದ್ದಿರಾ?’ ಎಂದು ಊರನ್ನೆಲ್ಲ ಕೇಳಿದವಳು, ಬೆರಳಿನ ಒಡತಿಯನ್ನು ಕೇಳುವುದನ್ನು ಮರೆತಿದ್ದೆ.

ನಾನು ಸುಧಾರಿಸಿಕೊಳ್ಳುವ ಮೊದಲೇ ಅವಳು ಕೇಳಿದಳು: “ನಿನ್ನ ಮಗಳನ್ನ ಯಾವಾಗ ಸ್ಕೂಲಿಗೆ ಹಾಕ್ತೀಯ?”

“ಅವರನ್ನ ಕೇಳ್ದೆ. ಬರೋ ವರ್ಷ ನೋಡೋಣ ಅಂದ್ರು.”

“ನೋಡೋಣ ಅಂದ್ರಾ?” ಅವ್ವ ಮಡಿಲಿನ ಸಿಪ್ಪೆ ಕೊಡವಿ ಎದ್ದಳು. “ಏಳು. ಸೀರೆ ಬದಲಾಯಿಸು.”

ಹೀಗೆ ನಾವು ಮೂವರು, ಅವ್ವ, ನಾನು, ನನ್ನ ಮಗಳು, ಅವರೆಕಾಯಿಯನ್ನು ಅರ್ಧಕ್ಕೆ ಬಿಟ್ಟು ಶಾಲೆಗೆ ಹೋದೆವು. ಹೆಡ್ಮಾಸ್ತರು ಸೌಜನ್ಯದವರು. ಮಗುವಿನ ಹೆಸರು ಕೇಳಿದರು, ಹೇಳಿದೆ. ವಯಸ್ಸು ಕೇಳಿದರು, ಹೇಳಿದೆ.

“ತಂದೆ ಹೆಸರು?”

ನನ್ನ ಬಾಯಿ ತೆರೆಯಿತು. ಶಬ್ದ ಬರಲಿಲ್ಲ. ಅಷ್ಟು ಉಪನ್ಯಾಸ ಕೊಟ್ಟ ನಾಲಗೆ ಅಂಗುಳಕ್ಕೆ ಅಂಟಿಕೊಂಡಿತು. ಅವ್ವನ ಕಡೆ ನೋಡಿದೆ. ಅವಳಿಗೆ ಅಳಿಯನ ಹೆಸರು ಹೇಳಲು ಯಾವ ಅಡ್ಡಿಯೂ ಇರಲಿಲ್ಲ; ಆದರೆ ಅವಳು ಬಹಳ ಆಸಕ್ತಿಯಿಂದ ಛಾವಣಿಯ ಹೆಂಚುಗಳನ್ನು ನೋಡುತ್ತಿದ್ದಳು.

“ತಂದೆ ಹೆಸರಮ್ಮ,” ಎಂದರು ಹೆಡ್ಮಾಸ್ತರು ಮತ್ತೊಮ್ಮೆ. ಬೆರಳಿಟ್ಟು ತೋರಿಸಲು ಅಲ್ಲಿ ಹಾಳೆಯೂ ಇರಲಿಲ್ಲ.

ನನ್ನ ಮಗಳು ಮೇಜಿನ ಅಂಚು ಹಿಡಿದು ತುದಿಗಾಲಲ್ಲಿ ನಿಂತು, ಹೊರಗಿನ ಮೈದಾನಕ್ಕೂ ಕೇಳುವಂತೆ ತನ್ನ ತಂದೆಯ ಹೆಸರನ್ನು ಸಾರಿದಳು. ಸಾಲದ್ದಕ್ಕೆ, “ಅವ್ವ ಮನೇಲಿ ‘ಏನಂದ್ರೆ’ ಅಂತಾಳೆ. ಅದು ಹೆಸರಲ್ಲ,” ಎಂದು ವಿವರಣೆಯನ್ನೂ ಸೇರಿಸಿದಳು. ಹೆಡ್ಮಾಸ್ತರು ಬಹಳ ಹೊತ್ತು ತಲೆಬಗ್ಗಿಸಿ ಬರೆದರು. ಮಗು ಅಂದೇ ಒಳಗೆ ಹೋಗಿ ಕೂತಳು. ಸಂಜೆ ಮನೆಗೆ ಬಂದ ನಮ್ಮವರಿಗೆ ಅವ್ವನೇ ಸುದ್ದಿ ತಿಳಿಸಿದಳು. ಅವರು ‘ಒಳ್ಳೇದಾಯ್ತು’ ಎಂದು ಕೈಕಾಲು ತೊಳೆಯಲು ಹೋದರು.

ಅವ್ವ ಈ ಕಥೆಯನ್ನು ಶಿವಮೊಗ್ಗೆಗೆ ಹೊತ್ತುಕೊಂಡು ಹೋದಳು. ಅಲ್ಲಿ ಅದು ಚೆನ್ನಾಗಿ ಬೆಳೆದಿದೆ. ಈಚಿನ ಪಾಠಾಂತರದಲ್ಲಿ ನಾನು ಹೆಡ್ಮಾಸ್ತರ ಮುಂದೆ ಮೂರ್ಛೆ ಹೋಗುತ್ತೇನೆ, ಮುಖಕ್ಕೆ ನೀರು ಚಿಮುಕಿಸುತ್ತಾರೆ. ನಾನು ಮೂರ್ಛೆ ಹೋಗಲಿಲ್ಲ. ಕುಡಿಯಲು ನೀರು ಕೇಳಿದ್ದು ನಿಜ. ಹಾಗೆಂದು ಪಂಕ್ತಿಯ ಕೊನೆಯಿಂದ ನಾನು ‘ಹಾಗಲ್ಲ’ ಎಂದರೆ, ನಡುವಿನ ಎಲೆಯಿಂದ ನನ್ನ ಮಗಳು, “ನೀನು ಸುಮ್ನಿರವ್ವ, ನಾನು ಅಲ್ಲೇ ಇದ್ದೆ,” ಎನ್ನುತ್ತಾಳೆ. ಅವಳು ಅಲ್ಲೇ ಇದ್ದಳು ಎಂಬುದನ್ನು ನಾನು ಅಲ್ಲಗಳೆಯಲಾರೆ. ಅಷ್ಟರಲ್ಲಿ ಪಾಯಸದ ಪಾತ್ರೆ ಮುಂದಕ್ಕೆ ಹೋಗಿರುತ್ತದೆ.